ಗೇಣು ಕಡಿಮೆ ಪರದೆ

ನಮ್ಮತ್ತೆ ಯಾರ ಮಾತನ್ನೂ ಕೇಳುವವರಲ್ಲ. ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಮೊದಲೇ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ನಾನು ಬಸ್ ಕಂಡಕ್ಟರ್. ದಿನವಿಡೀ "ಒಳಗೆ ನಡೀರಿ, ಒಳಗೆ ನಡೀರಿ" ಎಂದು ಗದರಿ ಊರನ್ನೇ ಸಾಲಾಗಿ ನಿಲ್ಲಿಸುವವಳು. ಮನೆಗೆ ಬಂದು "ಅತ್ತೆ, ಸ್ವಲ್ಪ ಆ ಕಡೆ ಸರೀರಿ" ಎಂದರೆ, "ಇದೇನು ನಿನ್ನ ಬಸ್ಸಾ?" ಎನ್ನುತ್ತಾರೆ. ಸರಿಯುವುದಂತೂ ಇಲ್ಲ.

ಅತ್ತೆ ದರ್ಜಿ. ಊರ ತುದಿಯಲ್ಲಿ, ಕಡಲಿಗೆ ಮುಖ ಮಾಡಿದ ಬಂಡೆಯ ಮೇಲೆ ಹಳೇ ಕಾಲದ ದೀಪಸ್ತಂಭವಿದೆ. ನನ್ನ ಮಾವ ಬದುಕಿಡೀ ಅದರ ದೀಪ ನೋಡಿಕೊಂಡವರು. ಬಂಡೆಯ ಬುಡದ ಸರ್ಕಾರಿ ಮನೆಯಲ್ಲಿ ಸಂಸಾರ. ಅಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಅತ್ತೆ ಶಾಲೆ ಮಕ್ಕಳ ಅಂಗಿ, ಅಂಗಡಿಯವರ ಚೀಲ, ಹಾಸಿಗೆಯ ಹೊದಿಕೆ, ಏನು ಬಂದರೂ ಹೊಲಿಯುತ್ತಿದ್ದರು. ದೀಪಸ್ತಂಭದ ಪರದೆಗಳನ್ನೂ ಅವರೇ ಹೊಲಿದರು.

ದೀಪಸ್ತಂಭಕ್ಕೆ ಪರದೆ ಯಾಕೆ ಎಂದು ಬಸ್ಸಿನಲ್ಲಿ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ತುತ್ತತುದಿಯ ಕೋಣೆಗೆ ಸುತ್ತಲೂ ಗಾಜು, ನೆಲದಿಂದ ಸೂರಿನವರೆಗೆ. ನಡುವೆ ಕಟ್ಟೆಯ ಮೇಲೆ ಆಳೆತ್ತರದ ಭೂತಗನ್ನಡಿ. ರಾತ್ರಿ ಅದು ಒಳಗಿನ ಸಣ್ಣ ದೀಪವನ್ನು ದೊಡ್ಡದು ಮಾಡಿ ಕಡಲಿಗೆ ಕಳಿಸುತ್ತದೆ. ಹಗಲು ಬಿಸಿಲು ಬಿದ್ದರೆ ಅದೇ ಗಾಜು ಬಿಸಿಲನ್ನೆಲ್ಲ ಒಂದೆಡೆ ಕೂಡಿಸಿ ಒಳಗಿದ್ದದ್ದನ್ನು ಸುಟ್ಟುಹಾಕುತ್ತದೆ. ಅದಕ್ಕೇ ಬೆಳಕು ಹರಿಯುತ್ತಲೇ ಸುತ್ತಲೂ ದಪ್ಪ ಪರದೆ ಎಳೆಯಬೇಕು, ಸೂರ್ಯ ಮುಳುಗುವಾಗ ತೆರೆಯಬೇಕು. ಮಾವನ ನೌಕರಿಯಲ್ಲಿ ಅರ್ಧ ಇದೇ ಕೆಲಸ.

ಈ ಪರದೆಯೇ ಅತ್ತೆಯ ಮಾನ ತೆಗೆದದ್ದು. ಮನೆಯವರು ಮೇಲೆ ಹತ್ತುವಂತಿಲ್ಲ ಎಂದು ಇಲಾಖೆಯ ಕಟ್ಟಪ್ಪಣೆ. ಹಾಗಾಗಿ ಮಾವ ಅಳತೆ ತರುತ್ತಿದ್ದರು, ಅತ್ತೆ ಕತ್ತರಿಸಿ ಹೊಲಿಯುತ್ತಿದ್ದರು, ಮಾವ ಹೆಗಲ ಮೇಲೆ ಹೊತ್ತು ಹೋಗಿ ತೂಗುಹಾಕುತ್ತಿದ್ದರು. ಆಮೇಲೆ ತಪಾಸಣೆಯ ಸಾಹೇಬರು ಹತ್ತಿ ಇಳಿದು ಬಂದು, "ಎಲ್ಲಾ ಚೆನ್ನಾಗಿದೆ, ಊರ ಕಡೆ ಪರದೆ ಮಾತ್ರ ಗೇಣು ಕಮ್ಮಿ" ಎನ್ನುತ್ತಿದ್ದರು. ಮೊದಲ ಸಲ ಅತ್ತೆ ತಮ್ಮದೇ ತಪ್ಪೇನೋ ಎಂದು ಸುಮ್ಮನಾದರು. ಮುಂದಿನ ಸಲ ಹಟಕ್ಕೆ ಬಿದ್ದು ಗೇಣು ಜಾಸ್ತಿಯೇ ಕತ್ತರಿಸಿದರು. ಸಾಹೇಬರು ಇಳಿದು ಬಂದರು: ಗೇಣು ಕಮ್ಮಿ! ಅದರ ಮುಂದಿನ ಸಲ ಇನ್ನೂ ಒಂದು ಗೇಣು ಸೇರಿಸಿದರು. ಊಹೂಂ, ಅದೇ ಗೇಣು, ಅದೇ ಕಮ್ಮಿ. ಕೆಳಭಾಗದಲ್ಲಿ ಬೆಳಕು ಬಂದರೆ ಕಟ್ಟೆಗೆ ತಾಗುತ್ತದೆ, ಭೂತಗನ್ನಡಿಗೆ ತಾಗುವುದಿಲ್ಲ, ಅಪಾಯವೇನಿಲ್ಲ. ಆದರೆ ಸಾಹೇಬರ ಕಣ್ಣಿಗೆ ಅದು ಚುಚ್ಚುತ್ತಿತ್ತು.

"ಅಳತೆ ಸರಿಯಾಗಿ ತಂದಿದ್ರಾ?" ಎಂದು ಅತ್ತೆ ಗಂಡನ ಮೇಲೆ ಹರಿಹಾಯುತ್ತಿದ್ದರಂತೆ. ಮಾವ ತಟ್ಟೆಯಿಂದ ತಲೆ ಎತ್ತದೆ, "ಹೋಗ್ಲಿ ಬಿಡೇ, ಒಂದು ಗೇಣು ತಾನೇ" ಎನ್ನುತ್ತಿದ್ದರಂತೆ. ಮಾವ ಬಾಯಿಯಿಲ್ಲದ ಮನುಷ್ಯ. ಅಂಗಿಯ ಗುಂಡಿ ಕಿತ್ತು ಹೋದರೂ ಹೆಂಡತಿಗೆ ಹೇಳುತ್ತಿರಲಿಲ್ಲ. ಹಗ್ಗ ಬಿಗಿಯುವ ಕರಿ ಮೇಣದ ದಾರದಿಂದ ತಾವೇ ಅಡ್ಡಾದಿಡ್ಡಿ ಹೊಲಿದುಕೊಳ್ಳುತ್ತಿದ್ದರು. ಆಮೇಲೆ ಅಂಗಿ ಹರಿಯಬೇಕೇ ಹೊರತು ಗುಂಡಿ ಕದಲುತ್ತಿರಲಿಲ್ಲ.

ಸುದ್ದಿ ಪೇಟೆಗೆ ಇಳಿಯದೆ ಇರುತ್ತದೆಯೇ? ಗುಂಡಿ, ದಾರ, ಲೇಸು ಮಾರುವ ಅಂಗಡಿಯವನೊಬ್ಬನಿದ್ದ, ಈಗಲೂ ಇದ್ದಾನೆ. "ದರ್ಜಿಯವರು ಸರ್ಕಾರದ ಬಟ್ಟೇಲೂ ಗೇಣು ಹೊಡ್ಕೊಂಡ್ರಂತೆ" ಎಂದು ನಕ್ಕ. ಅಷ್ಟೇ ಸಾಕಾಯಿತು. ಅಂದಿನಿಂದ ಅತ್ತೆಗೆ ಗೇಣಮ್ಮ ಎಂದೇ ಹೆಸರು. ಬಟ್ಟೆ ಕೊಡಲು ಬಂದವರು ಹಲ್ಲು ಕಿರಿದು, "ಗೇಣು ಉಳಿಸ್ಕೋಬೇಡಿ ಮತ್ತೆ" ಎನ್ನುವರು. ತಮಾಷೆ ಅವರಿಗೆ. ಒಂದು ಚೂರು ಬಟ್ಟೆಯನ್ನೂ ವಾಪಸು ಕಟ್ಟಿಕೊಡುವ ಹೆಂಗಸಿಗೆ ಕಳ್ಳಿ ಎಂಬ ಹೆಸರು! ನನ್ನನ್ನು ಯಾರಾದರೂ ಹಾಗೆ ಅಂದಿದ್ದರೆ ಬಸ್ಸಿನಿಂದ ಇಳಿಸಿಬಿಡುತ್ತಿದ್ದೆ. ಅತ್ತೆ ಉಳಿದ ಚೂರುಗಳನ್ನು ಅವರ ಮುಖದೆದುರೇ ಅಳೆದು ಕೊಟ್ಟರು, ವರ್ಷಗಟ್ಟಲೆ ಕೊಟ್ಟರು. ಹೆಸರು ಮಾತ್ರ ಹೋಗಲಿಲ್ಲ.

ಮಾವ ನಿವೃತ್ತರಾದರು, ನಾವು ಪೇಟೆಗೆ ಬಂದೆವು, ಮಾವ ತೀರಿಹೋದರು. ಮೊನ್ನೆ ಪೇಪರಿನಲ್ಲಿ ಸುದ್ದಿ ಬಂತು: ದೀಪಸ್ತಂಭಕ್ಕೆ ಹೊಸ ದೀಪ ಬರುತ್ತದೆ, ಅದಕ್ಕೆ ಪರದೆ ಬೇಕಿಲ್ಲ, ಹಳೆಯ ಭೂತಗನ್ನಡಿಯನ್ನು ಇಳಿಸುವ ಮುಂಚೆ, ಕೊನೆಯ ಸಲ ಪರದೆ ತೆರೆಯುವುದನ್ನು ನೋಡಲು ಜನರನ್ನು ಮೇಲೆ ಬಿಡುತ್ತಾರೆ. ಅತ್ತೆ ಪೇಪರ್ ಮಡಿಸಿದರು.

"ನಾಳೆ ರಜ ಹಾಕು. ಹತ್ತೋಣ."

"ನಿಮ್ಮ ಮಂಡಿಗೇನಾಗಿದೆ ಗೊತ್ತಾ ಅತ್ತೆ? ನಮ್ಮ ಮನೆ ಹೊಸ್ತಿಲು ದಾಟೋಕೇ ಗೋಡೆ ಹಿಡೀತೀರಿ."

"ಮಂಡಿ ನಂದು. ನಿಂಗ್ಯಾಕೆ ನೋವು? ಆ ಪರದೆ ಇವತ್ತು ನಾಳೆ ಬಿಟ್ರೆ ಮತ್ತೆ ಸಿಗಲ್ಲ. ನಾನು ಕಳ್ಳಿನೋ ಅಲ್ವೋ ನನ್ನ ಕಣ್ಣಲ್ಲೇ ನೋಡ್ಬೇಕು."

ಇನ್ನು ಮಾತಾಡಿ ಪ್ರಯೋಜನವಿಲ್ಲ ಎಂದು ರಜ ಹಾಕಿದೆ.

ಮರುದಿನ ಸಂಜೆ ಬಾಗಿಲಲ್ಲೇ ಕಾವಲುಗಾರ ತಡೆದ. "ಅಜ್ಜಿ, ಊರುಗೋಲು ಹಿಡಿದವರನ್ನ ಬಿಡೋ ಹಾಗಿಲ್ಲ. ಮೇಲಿನವರ ಆರ್ಡರ್."

ನಾನು ಕಂಡಕ್ಟರ್ ಗಂಟಲು ತೆರೆಯುವಷ್ಟರಲ್ಲಿ ಅತ್ತೆ ಊರುಗೋಲನ್ನು ಅವನ ಕೈಗೆ ತುರುಕಿದರು. "ತಗೋ. ಈಗ ಊರುಗೋಲು ಹಿಡಿದಿರೋದು ನೀನು. ನೀನು ಹತ್ತಬೇಡ."

ಹಿಂದಿದ್ದವರು ಘೊಳ್ಳೆಂದರು. ಅಷ್ಟರಲ್ಲಿ ಅತ್ತೆ ನನ್ನ ಭುಜ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು.

ಸುರುಳಿ ಮೆಟ್ಟಿಲು. ಒಂದು ಕಡೆ ತಣ್ಣಗಿನ ಕಲ್ಲು, ಇನ್ನೊಂದು ಕಡೆ ಜನರ ಕೈ ತಾಗಿ ನುಣುಪಾದ ಕಬ್ಬಿಣದ ಕಂಬಿ. ಅತ್ತೆ ಒಂದೊಂದು ಕಿಂಡಿಯ ಬಳಿಯೂ ನಿಂತು ಉಸಿರು ಬಿಡುತ್ತಿದ್ದರು. "ಸಾಕು ಅತ್ತೆ, ಇಳಿಯೋಣ" ಎಂದರೆ, "ಇಳಿಯೋಕೂ ಅಷ್ಟೇ ಕಷ್ಟ, ಹತ್ತೋಣ" ಎನ್ನುವರು. ನಮ್ಮ ಹಿಂದೆ ಯಾರೋ ರೈಲಿನ ಹಾಗೆ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಗುಂಡಿ ಅಂಗಡಿಯವನು.

"ಏನಯ್ಯ, ನೀನೂ ಬಂದ್ಯಾ?" ಅತ್ತೆ ಕೇಳಿದರು.

"ಕೊನೇ ಸಲ ಅಲ್ವಾ ಗೇಣಮ್ಮ, ನೋಡೋಣ ಅಂತ."

"ಒಳ್ಳೇದಾಯ್ತು. ಬಾ."

ಆ 'ಬಾ' ಎಂದ ದನಿ ನನಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ, ಪಾಪ.

ಮೇಲಿನ ಕೋಣೆ ಮಬ್ಬಾಗಿತ್ತು. ಸುತ್ತಲೂ ಪರದೆ, ಬಣ್ಣ ಮಾಸಿದ್ದರೂ ಹೊಲಿಗೆ ಒಂದು ಕಡೆಯೂ ಬಿಟ್ಟಿರಲಿಲ್ಲ. ನಡುವೆ ಭೂತಗನ್ನಡಿ ಸುಮ್ಮನೆ ನಿಂತಿತ್ತು. ಕೈಗಡಿಯಾರ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು, ಪರದೆಗೊತ್ತಿ ನಿಂತ ಹತ್ತಾರು ಜನ. ಎಲ್ಲ ಪರದೆಗಳೂ ನೆಲ ಮುಟ್ಟಿದ್ದವು. ಊರ ಕಡೆಯದರ ಕೆಳಗೆ ಮಾತ್ರ ಬೆಳಕಿನ ಒಂದು ಪಟ್ಟಿ. ಗೇಣಗಲ.

ನಿಜಕ್ಕೂ ಕಮ್ಮಿಯಿತ್ತಲ್ಲ! ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಗುಂಡಿ ಅಂಗಡಿಯವನು ಕೆಮ್ಮಿದ.

ಅತ್ತೆ ಪರದೆಯ ಹತ್ತಿರ ಹೋದರು. ಕಂಬಿ ಹಿಡಿದು ಬಗ್ಗಿ ಅಂಚನ್ನು ಬೆರಳಲ್ಲಿ ಹಿಸುಕಿದರು. ಮತ್ತೆ ಹಿಸುಕಿದರು. "ಇದೇನೇ ಇಷ್ಟು ದಪ್ಪ?" ಎಂದು ನನ್ನ ಭುಜದ ಮೇಲೆ ಭಾರ ಹಾಕಿ ನೆಲಕ್ಕೇ ಕೂತುಬಿಟ್ಟರು. ಅಂಚನ್ನು ತಿರುವಿ ನೋಡಿದರು. ಒಳಗೆ ದೊಡ್ಡ ಮಡಿಕೆ. ಅವರ ಸಣ್ಣ ಹೊಲಿಗೆಯ ಮೇಲೆ, ಕೆಳಗಿನಿಂದ ಮಡಚಿ, ಕರಿ ಮೇಣದ ದಾರದಿಂದ ಉದ್ದುದ್ದ ಅಡ್ಡಾದಿಡ್ಡಿ ಹೊಲಿಗೆ.

"ಇದು ನಿಮ್ಮ ಮಾವನ ಕೈ," ಎಂದರು ಅತ್ತೆ. "ಅಂಗಿ ಗುಂಡಿ ಹೊಲಿಗೆ."

"ಮಾವ ಯಾಕೆ ಮಡಚ್ತಾರೆ ಅತ್ತೆ?"

ಅವರು ಕೂತಲ್ಲಿಂದಲೇ ಆ ಬೆಳಕಿನ ಪಟ್ಟಿಯ ಕಡೆಗೆ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕುಕ್ಕರಿಸಿದೆ. ದೀಪದ ಹಿತ್ತಾಳೆ ಉಜ್ಜಲು ಮಾವ ಕೂರುತ್ತಿದ್ದ ಜಾಗವಿರಬೇಕು ಅದು, ನೆಲದ ಹಲಗೆ ಅಲ್ಲಿ ಸವೆದಿತ್ತು. ಅಲ್ಲಿ ಕೂತರೆ ಪರದೆಯ ಕೆಳಗಿನ ಗಾಜಿನಲ್ಲಿ ಪೇಟೆ ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ಬಂಡೆಯ ಬುಡದ ಸರ್ಕಾರಿ ಮನೆ ಕಾಣುತ್ತದೆ. ಮನೆಯೂ ಪೂರ್ತಿಯಲ್ಲ. ಅದರ ಒಂದು ಕಿಟಕಿ. ಹೊಲಿಗೆ ಯಂತ್ರವಿದ್ದ ಕಿಟಕಿ.

ಹಿಂದೆ ಯಾರೋ ಹೆಂಗಸು "ಅಯ್ಯೋ" ಎಂದಳು. ಅತ್ತೆಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಅಲ್ಲ ಕಣ್ರೀ," ಎಂದು ಖಾಲಿ ಗಾಜಿಗೇ ಬೈಯತೊಡಗಿದರು, "ನೋಡ್ಬೇಕು ಅನಿಸಿದ್ರೆ ಮನೆಗೆ ಬಂದು ನೋಡೋಕೇನಾಗಿತ್ತು ನಿಮಗೆ? ಮನೇಲಿ ತಟ್ಟೆ ನೋಡ್ಕೊಂಡು ಉಂಡು ಎದ್ದು ಹೋಗ್ತಿದ್ರಲ್ಲ! ಊರೆಲ್ಲ ನನ್ನನ್ನ ಕಳ್ಳಿ ಅಂದಾಗ ಒಂದು ಮಾತು, ಒಂದೇ ಒಂದು ಮಾತು ಬಾಯಿಂದ ಬಂತಾ? ನಾನು ಉದ್ದ ಮಾಡಿದಷ್ಟೂ ನೀವು ಮಡಚ್ತಾ ಕೂತ್ರಾ ಇಲ್ಲಿ?"

ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ. ಚೀಲದಿಂದ ಪುಟ್ಟ ಕತ್ತರಿ ತೆಗೆದರು.

ಅಧಿಕಾರಿ ಮುಂದೆ ಬಂದರು. ಒಳ್ಳೆಯ ಮನುಷ್ಯ. "ಅಮ್ಮ, ದಯವಿಟ್ಟು ಬಿಚ್ಚಬೇಡಿ. ಆ ಮಡಿಕೆ ಹಾಗೇ ಇರ್ಲಿ. ಮ್ಯೂಸಿಯಮ್ಮಲ್ಲಿ ಇಡ್ತೀವಿ. ಎಂಥಾ ಕಥೆ! ಜನ ನೋಡಿ ಖುಷಿಪಡ್ತಾರೆ."

"ಖುಷಿ ಜನಕ್ಕೆ. ಕಳ್ಳಿ ಅನ್ನಿಸ್ಕೊಂಡದ್ದು ನಾನು."

"ಆದ್ರೂ ನಿಮ್ಮ ಯಜಮಾನ್ರು ಹೊಲಿದದ್ದು..."

"ಅವರು ನೋಡಿದ್ದು ಸಾಕು. ಈಗ ನನ್ನ ಅಳತೆ ಎಲ್ರೂ ನೋಡ್ಲಿ."

ಅಧಿಕಾರಿ ಗಡಿಯಾರ ತೋರಿಸಿದರು. "ಸೂರ್ಯ ಮುಳುಗ್ತಾ ಇದ್ದಾನೆ ಅಮ್ಮ, ಪರದೆ ತೆರೀಬೇಕು."

"ಸೂರ್ಯ ಕಾಯ್ತಾನೆ. ಕಾಯದೇ ಇದ್ರೆ ಹೋಗ್ಲಿ, ನಾಳೆ ಮತ್ತೆ ಬರೋದು ಅವನಿಗೆ ಇದ್ದದ್ದೇ. ಈ ಪರದೆಗೆ ನಾಳೆ ಇಲ್ಲ."

ನಾನು ಎದ್ದು ಅಧಿಕಾರಿಯ ಎದುರು ನಿಂತೆ. ಬಸ್ಸಿನ ಬಾಗಿಲಲ್ಲಿ ನಿಂತು ಅಭ್ಯಾಸವಿರುವ ನನ್ನನ್ನು ದಾಟಿ ಯಾರೂ ಹೋಗಲಾರರು. ಅವರೂ ಹೋಗಲಿಲ್ಲ.

ಅತ್ತೆ ಒಂದೊಂದೇ ಹೊಲಿಗೆ ಕತ್ತರಿಸಿದರು. ಮೇಣದ ದಾರ ಗಟ್ಟಿ, ಕತ್ತರಿ ಟಕ್ ಟಕ್ ಎನ್ನುತ್ತಿತ್ತು. ಕತ್ತರಿಸಿದ ಪ್ರತಿ ತುಂಡನ್ನೂ ಚೀಲಕ್ಕೆ ಹಾಕಿಕೊಂಡರು, ಒಂದನ್ನೂ ಎಸೆಯಲಿಲ್ಲ. ಕೊನೆಯ ಹೊಲಿಗೆ ಬಿಟ್ಟಾಗ ಪರದೆ ಜಾರಿ ನೆಲಕ್ಕೆ ಬಿತ್ತು. ಬೆಳಕಿನ ಪಟ್ಟಿ ಮುಚ್ಚಿಹೋಯಿತು. ಮುಚ್ಚಿದ ಮೇಲೂ ಬಟ್ಟೆ ಉಳಿದು, ಅತ್ತೆಯ ಕಾಲಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಮಡಿಕೆಯ ಒಳಗಿದ್ದ ಭಾಗ ಬಿಸಿಲು ಕಾಣದೆ ಹೊಸದರ ಹಾಗೇ ನೀಲಿಯಾಗಿತ್ತು.

"ಬಾಯ್ಯ ಇಲ್ಲಿ," ಎಂದು ಗುಂಡಿ ಅಂಗಡಿಯವನನ್ನು ಕರೆದರು. "ನಿನ್ನ ಗೇಣೇ ಇಡು. ನೆಲಕ್ಕೆ ಸಾಲದ್ದೆಷ್ಟು, ಉಳಿದದ್ದೆಷ್ಟು, ಎಲ್ರಿಗೂ ಕೇಳೋ ಹಾಗೆ ಹೇಳು."

ಅವನು ಮೊಣಕಾಲೂರಿ ಬಟ್ಟೆಯ ಮೇಲೆ ಕೈ ಹರಡಿದ. "ಗೇಣು... ಜಾಸ್ತಿ ಇದೆಯಮ್ಮ. ಗೇಣಿಗಿಂತ್ಲೂ ಜಾಸ್ತಿ ಇದೆ."

"ಗಟ್ಟಿಯಾಗಿ ಹೇಳು. ಅಂಗಡೀಲಿ ಹೇಳ್ತಿದ್ಯಲ್ಲ, ಅಷ್ಟು ಗಟ್ಟಿಯಾಗಿ."

"ಜಾಸ್ತಿ ಇದೆ!" ಎಂದು ಕೂಗಿದ.

"ಈಗ ತೆರೀರಿ," ಎಂದು ಅತ್ತೆ ಅಧಿಕಾರಿಗೆ ಹೇಳಿದರು. ಅವರು ಹಗ್ಗವನ್ನು ಅತ್ತೆಯ ಕೈಗೇ ಕೊಟ್ಟರು. ನಾನು ಎಬ್ಬಿಸಿ ನಿಲ್ಲಿಸಿದೆ. ಅತ್ತೆ ಎಳೆದರು. ಸುತ್ತಲಿನ ಪರದೆಗಳೆಲ್ಲ ಸರಿದಾಗ ಸೂರ್ಯ ಮುಳುಗಿಯಾಗಿತ್ತು, ನೀರಿನ ಮೇಲೆ ಕೆಂಪು ಮಾತ್ರ ಉಳಿದಿತ್ತು. ಯಾರೂ ಬೇಸರಪಡಲಿಲ್ಲ. ದೀಪ ಹೊತ್ತಿತು. ಆ ಆಳೆತ್ತರದ ಗಾಜೆಲ್ಲ ಬೆಳಗಿತು. ಎಲ್ಲರೂ ಕಡಲು ನೋಡುತ್ತಿದ್ದರು, ಅತ್ತೆ ಮಾತ್ರ ಕೆಳಗಿನ ಆ ಕಿಟಕಿ ನೋಡುತ್ತಿದ್ದರು.

ಇಳಿದ ಮೇಲೆ ಕಾವಲುಗಾರ ಎರಡೂ ಕೈಯಲ್ಲಿ ಊರುಗೋಲು ಕೊಟ್ಟ. ಗುಂಡಿ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಾ ಹತ್ತಿರ ಬಂದ. "ತಪ್ಪಾಯ್ತಮ್ಮ. ಇನ್ಮೇಲೆ ಗೇಣಮ್ಮ ಅನ್ನಲ್ಲ. ಬೇರೆ ಯಾರಾದ್ರೂ ಅಂದ್ರೂ ಬಿಡಲ್ಲ."

ಅತ್ತೆ ದಾರದ ತುಂಡುಗಳಿದ್ದ ಚೀಲದ ಮೇಲೆ ಕೈಯಿಟ್ಟುಕೊಂಡರು.

"ಅನ್ನು, ಅದೇ ಹೆಸರಿರ್ಲಿ," ಎಂದರು. "ಆದ್ರೆ ಯಾಕೆ ಆ ಹೆಸರು ಅಂತ ಯಾರಾದ್ರೂ ಕೇಳಿದ್ರೆ ಪೂರ್ತಿ ಹೇಳ್ಬೇಕು. ನನ್ನ ಗಂಡ ನನ್ನ ನೋಡೋಕೆ ಮಡಚಿದ್ದು ಅಂತ ಹೇಳ್ಬೇಕು."