ಹರಿದಾಸ ದೊಡ್ಡಪ್ಪನ ವೈರಾಗ್ಯ

ತಿರುವಲ್ಲಿಕ್ಕೇಣಿಯ ಜಯಲಕ್ಷ್ಮಮ್ಮನ ಪ್ರಕಾರ ಅವರ ತೌರಿನ ವಂಶದಲ್ಲಿ ಎರಡೇ ಕಾಯಿಲೆ: ಸಕ್ಕರೆ ಮತ್ತು ಮಂಡಿನೋವು. ಎರಡೂ ಮರ್ಯಾದಸ್ಥರಿಗೆ ಬರುವಂಥವು. ಉಳಿದದ್ದೆಲ್ಲ ಗಂಡನ ಮನೆ ಕಡೆಯದು. ಎಗ್ಮೋರಿನ ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮೇಲೂ ಈಕೆ ಮನೆಯಲ್ಲಿ ಆ ಹುದ್ದೆ ಬಿಟ್ಟುಕೊಟ್ಟಿರಲಿಲ್ಲ. ಗಂಡ ಬದುಕಿದ್ದಾಗ ಪಾಪ, ಈಕೆಯ ಒಪ್ಪಿಗೆ ಪಡೆದೇ ಸೀನುತ್ತಿದ್ದರು.

ಹೀಗಿರುವಾಗ ಮಗಳು ಭಾವನಾ ಪೆರುಂಗುಡಿಯ ಆಫೀಸಿಗೆ ಹೋಗುವುದನ್ನು ನಿಲ್ಲಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಡಾಕ್ಟರು ಇದು ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ಜಯಲಕ್ಷ್ಮಮ್ಮ ಡಾಕ್ಟರನ್ನೂ ಖಿನ್ನತೆಯನ್ನೂ ಒಟ್ಟಿಗೆ ತಳ್ಳಿಹಾಕಿದರು.

"ಖಿನ್ನತೆನೂ ಇಲ್ಲ, ಗಿನ್ನತೆನೂ ಇಲ್ಲ. ಚುಮ್ಮಾ, ಬರೀ ಸೋಂಬೇರಿತನ. ನೀನು ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತು?"

ಮಾಂಬಲದಲ್ಲಿರುವ ತಮ್ಮ ಗುರುಚರಣ ಫೋನ್ ಮಾಡಿ ಸೋದರ ಸೊಸೆಯನ್ನು ವಿಚಾರಿಸಿದರೆ, "ಮನೆಯಿಂದ್ಲೇ ಕೆಲಸ ಕಣೋ, ತಲೆ ಎತ್ತೋಕ್ಕೂ ಪುರುಸೊತ್ತಿಲ್ಲ" ಎಂದು ಜಯಲಕ್ಷ್ಮಮ್ಮ ಬುರುಡೆ ಬಿಡುತ್ತಿದ್ದರು. ಭಾವನಾಗೆ ಅದು ಒಳಗೆ ಕೇಳಿಸುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ: ಜ್ವರ ಬಂದವರಿಗೆ ಹೇಳುವ ಹಾಗೆ ಅಮ್ಮ ಒಂದು ಸಲ "ನಿನಗೆ ಹುಷಾರಿಲ್ಲ" ಅನ್ನಬೇಕು.

ಡಾಕ್ಟರು ಸೇರಿಕೊಂಡಿದ್ದ ಒಂದು ಸಂಶೋಧನೆಗೆ ಭಾವನಾ ಒಪ್ಪಿಕೊಂಡಿದ್ದಳು. ಅದರ ಕಡೆಯಿಂದ ವೀಕ್ಷಾ ಎಂಬ ಹುಡುಗಿ ಮನೆಗೆ ಬಂದಳು. ಖಿನ್ನತೆ ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆಂದು ನೋಡಬೇಕಂತೆ. ಅದಕ್ಕೆ ಮಗಳ ಜೊಲ್ಲು ಬೇಕು, ತಾಯಿಯದ್ದೂ ಬೇಕು.

"ನಮ್ಮದೇ ಯಾಕಮ್ಮ ಬೇಕು?"

"ಇಷ್ಟರವರೆಗೆ ನೋಡಿದ್ದು ಹೆಚ್ಚಾಗಿ ಯುರೋಪ್ ಮೂಲದವರದ್ದು ಮಾರಾಯ್ರೇ. ಅಲ್ಲಿ ಸಿಕ್ಕಿದ್ದು ನಮಗೆ ಎಷ್ಟು ಹೊಂದ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆಫ್ರಿಕಾದವರು, ಚೀನಾದವರು, ನಾವು, ಎಲ್ಲರದ್ದೂ ನೋಡ್ಬೇಕು."

ವಿಜ್ಞಾನ ತಮ್ಮ ವಂಶಕ್ಕಾಗಿ ಕಾದು ಕೂತಿದೆ ಎಂಬುದು ಜಯಲಕ್ಷ್ಮಮ್ಮನಿಗೆ ಹಿಡಿಸಿತು. ಆದರೆ ಉಗುಳಬೇಕಾದ ಪ್ಲಾಸ್ಟಿಕ್ ನಳಿಗೆಯನ್ನು ನೋಡಿ ಮಾರು ದೂರ ಸರಿದರು.

"ಎಂಜಲು ಕೊಡೋದಾ? ಮನೆಗೆ ಬಂದವರಿಗೆ ಪ್ರಸಾದ ಕೊಟ್ಟು ಗೊತ್ತು ನನಗೆ. ಎಂಜಲು ಕೊಟ್ಟವಳಲ್ಲ."

ವೀಕ್ಷಾ ಅಪ್ಪನ ಹೋಟೆಲಿನ ಗಲ್ಲಾದ ಮೇಲೆ ಕೂತು ಎಂತೆಂಥ ಗಿರಾಕಿಗಳನ್ನೋ ಸಂಭಾಳಿಸಿದವಳು. "ಅದು ಮತ್ತೆ ನೋಡುವ. ಮೊದಲು ಪ್ರಶ್ನೆ ಮುಗಿಸುವ" ಎಂದು ಟ್ಯಾಬ್ ತೆಗೆದಳು. "ನಿಮ್ಮ ಕಡೆ ಯಾರಿಗಾದ್ರೂ ಖಿನ್ನತೆ ಇತ್ತಾ?"

"ಇಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಭಾವನಾ ನೆಲ ನೋಡಿದಳು.

"ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದವರು ಉಂಟಾ?"

"ಎರಡು ವಾರವಾ?" ಜಯಲಕ್ಷ್ಮಮ್ಮ ಸೆಟೆದು ಕೂತರು. "ನಮ್ಮ ಹರಿದಾಸ ದೊಡ್ಡಪ್ಪ ಎರಡು ವರ್ಷ!"

ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದವರೇ ಈ ಹರಿದಾಸ ದೊಡ್ಡಪ್ಪ. ಹಾರ್ಬರಿನಲ್ಲಿ ಗುಮಾಸ್ತರಾಗಿದ್ದವರು ಒಂದು ಬೆಳಿಗ್ಗೆ ಆಫೀಸಿಗೆ ಹೋಗಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು, ಅಷ್ಟೆ. ಇವರಿಗೆ ವೈರಾಗ್ಯ ಬಂದಿದೆ ಎಂದು ಮನೆಯವರು ಸಂಭ್ರಮಪಟ್ಟರು. ಈಗಲೂ ಅವರ ತಿಥಿಯನ್ನು ಶ್ರಾದ್ಧ ಎಂದರೆ ಜಯಲಕ್ಷ್ಮಮ್ಮನಿಗೆ ಸಿಟ್ಟು ಬರುತ್ತದೆ, ಆರಾಧನೆ ಎನ್ನಬೇಕು.

"ನಿದ್ದೆ ಮಾಡ್ತಿದ್ರಾ?"

"ಯೋಗಿಗಳಿಗೆ ನಿದ್ದೆ ಎಲ್ಲಿ!"

"ಊಟ?"

"ಒಂದು ತುತ್ತು. ಇಂದ್ರಿಯನಿಗ್ರಹ."

"ಜನರ ಹತ್ರ ಮಾತು?"

"ಪೂರ್ತಿ ಮೌನ." ವೀಕ್ಷಾ ಗುರುತು ಹಾಕಿದಾಗಲೆಲ್ಲ ದೊಡ್ಡಪ್ಪನಿಗೆ ಪೂರ್ತಿ ಅಂಕ ಬಂದಂತೆ ಜಯಲಕ್ಷ್ಮಮ್ಮ ಬೀಗಿದರು.

"ತಾನು ಎಲ್ಲರಿಗೂ ಭಾರ ಅಂತ ಏನಾದ್ರೂ ಹೇಳ್ತಿದ್ರಾ?"

"ಅಯ್ಯೋ, ಎಂಥ ವಿನಯ ಅವರದು! 'ನನಗೋಸ್ಕರ ಅಡಿಗೆ ಮಾಡ್ಬೇಡಿ, ನಾನು ನಿಮಗೆಲ್ಲ ಭಾರ' ಅಂತ..."

ಹೋದ ದ್ವಾದಶಿಯ ದಿನ ಭಾವನಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದೇ ಮಾತು ಆಡಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಜಯಲಕ್ಷ್ಮಮ್ಮ ತಿರುಗಿಯೂ ನೋಡದೆ, "ನಾಟಕ ಸಾಕು, ತಟ್ಟೆ ಹಾಕು" ಎಂದಿದ್ದರು.

ಅವರು ಫೋಟೋ ನೋಡಿದರು. ಮಗಳನ್ನು ನೋಡಿದರು. ಗಂಡನ ಮನೆ ಕಡೆಯವರ ತಲೆಗೆ ಕಟ್ಟೋಣವೆಂದರೆ ದೊಡ್ಡಪ್ಪ ಅಪ್ಪನ ಒಡಹುಟ್ಟಿದ ಅಣ್ಣ, ಅಪ್ಪಟ ತೌರಿನವರು.

"ಇದು ಒಬ್ಬರಿಂದ ಒಬ್ಬರಿಗೆ ಬರುತ್ತೇನಮ್ಮ?" ದನಿ ಇಳಿದಿತ್ತು.

"ಬಂದೇ ಬರ್ತದೆ ಅಂತ ಇಲ್ಲ. ಒಂದೇ ಜೀನ್ ಅಲ್ಲಮ್ಮ, ತುಂಬಾ ಉಂಟು. ಒಂದೊಂದರ ಪಾಲು ಚೂರೇ ಚೂರು. ಅದರ ಮೇಲೆ ಅವರವರ ಕಷ್ಟಸುಖ."

"ಸಾರಿನ ಪುಡಿ ಹಾಗೆ. ಇಂಥದ್ದರಿಂದ್ಲೇ ಈ ರುಚಿ ಬಂತು ಅಂತ ಹೇಳೋಕ್ಕಾಗಲ್ಲ."

"ಹೌದು," ಎಂದಳು ವೀಕ್ಷಾ, ಹೋಟೆಲಿನವರ ಮಗಳು.

ಆಗ ಭಾವನಾ ಬಾಯಿ ಬಿಟ್ಟಳು. "ಅಮ್ಮಾ, ಏನಾಗ್ತಿದೆ ಅಂತ ಆ ತಾತನ್ನ ಯಾರಾದ್ರೂ ಕೇಳಿದ್ರಾ?"

ಜಯಲಕ್ಷ್ಮಮ್ಮ ಯೋಚಿಸಿದರು. "ಇಲ್ಲ ಕಣೆ. ನಮಸ್ಕಾರ ಮಾಡಿ ಬರ್ತಿದ್ವಿ."

ಲಂಗ ತೊಟ್ಟ ವಯಸ್ಸಿನಲ್ಲಿ ನಡುಮನೆಯ ಹೊಸ್ತಿಲಿಗೆ ಹಣೆ ಮುಟ್ಟಿಸಿ ಓಡಿಹೋಗುತ್ತಿದ್ದದ್ದು ನೆನಪಾಯಿತು. ಮನೆ ತುಂಬ ಜನ, ಒಬ್ಬರಾದರೂ ಒಳಗೆ ಹೋಗಿ ಕೂತಿರಲಿಲ್ಲ.

"ಕೊಡಿಲ್ಲಿ" ಎಂದು ನಳಿಗೆ ಕಿತ್ತುಕೊಂಡರು. "ಯಾರೂ ನೋಡ್ಬೇಡಿ." ಬಾಯಿ ಒಣಗಿತ್ತು, ಏನೂ ಬರಲಿಲ್ಲ.

"ಹುಣಸೆಹಣ್ಣು ನೆನೆಸ್ಕೋ ಅಮ್ಮಾ," ಎಂದಳು ಭಾವನಾ.

ಬಂತು. ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಎಂಜಲಾಯಿತೆಂದು ಕೈ ತೊಳೆದು ಬರುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಗುರುಚರಣ.

"ಭಾವನಾ ಹೇಗಿದಾಳಕ್ಕ? ಕೆಲಸ ಜಾಸ್ತಿನಾ?"

"ಕೆಲಸ ಎಂಥದೂ ಇಲ್ಲ. ಅವಳಿಗೆ ಹುಷಾರಿಲ್ಲ." ಮಗಳ ಕಡೆ ನೋಡುತ್ತಲೇ ಹೇಳಿದರು. "ಹರಿದಾಸ ದೊಡ್ಡಪ್ಪನಿಗೆ ಬಂದಿತ್ತಲ್ಲ, ಅದೇ."

"ವೈರಾಗ್ಯವಾ!" ಗುರುಚರಣನ ದನಿಯಲ್ಲಿ ಭಕ್ತಿ ಉಕ್ಕಿತು. "ನಾಳೆನೇ ಬರ್ತೀನಿ ಅಕ್ಕ, ನಮಸ್ಕಾರ ಮಾಡಿ ಹೋಗ್ತೀನಿ."

"ಬಾ. ನಮಸ್ಕಾರ ಗಿಮಸ್ಕಾರ ಬೇಡ. ಒಳಗೆ ಬಂದು ಅವಳ ಪಕ್ಕದಲ್ಲಿ ಕೂತ್ಕೋ."

ಫೋನ್ ಇಟ್ಟು ನೋಡಿದರೆ ಭಾವನಾ ಸೋಫಾದ ಮೇಲೆ ಕೂತಿದ್ದಳು. ಸ್ವಲ್ಪ ಸರಿದು ಅಮ್ಮನಿಗೂ ಜಾಗ ಮಾಡಿದಳು.