ಹಾಜಾರ್ರ ಕಾರಿನ ಶಾಕ್ ಅಬ್ಸಾರ್ಬರ್

ಬಿಳಿ ಮುಂಡು, ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ಬಿಳಿ ಟೊಪ್ಪಿ. ಬಲ ಅಂಗೈ ಮಾತ್ರ ಯಾವಾಗಲೂ ಕಪ್ಪು. ಎದುರು ಸಿಕ್ಕಿದ ಕಾರಿನ ಮೂಲೆಗೆ ಆ ಅಂಗೈ ಊರಿ, ಶಾಕ್ ಗಟ್ಟಿಯುಂಟೋ ಎಂದು ನೋಡಲು ಮೈಭಾರವನ್ನೆಲ್ಲ ಹಾಕಿ ಒಮ್ಮೆ ಅದುಮಿ ಬಿಡುವುದು ಹಾಜಾರ್ರ ಚಾಳಿ. ಒಂದು ಮದುವೆಯಲ್ಲಿ ಹೂ ಮುಡಿಸಿ ನಿಲ್ಲಿಸಿದ್ದ ಮದುಮಗನ ಕಾರನ್ನೂ ಬಿಡಲಿಲ್ಲ. "ಒಮ್ಮೆ ಏಳ್ಬೇಕು, ಕೂತ್ಕೊಳ್ಬೇಕು. ಎರಡನೇ ಸಲ ಎದ್ರೆ ಅದು ಕಾರಲ್ಲ ಮಾರಾಯ, ತೊಟ್ಟಿಲು," ಎಂದು ಮದುಮಗನಿಗೇ ಹೇಳಿದ್ದರು. ಅವನು ನಕ್ಕ, ಕಾರು ಕೊಡಿಸಿದ ಮಾವನ ಮುಖ ಸಣ್ಣದಾಯಿತು.

ನಾಯ್ಮಾರ್ಮೂಲೆಯಲ್ಲಿ ಅವರದು ಬಟ್ಟೆ ಅಂಗಡಿ. ಹಜ್ ಮುಗಿಸಿ ಬಂದ ಮೇಲೆ ಊರಿಗೆಲ್ಲ ಅವರು ಹಾಜಾರ್. ಅಂಗಡಿಯ ಹಿಂದೆ ಅವರದೇ ಬಾಡಿಗೆ ಮನೆಯಲ್ಲಿ ನಾನಿದ್ದೆ. ಕಾರಡ್ಕದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಮಾಷ್ಟ್ರು. ನಡುವಯಸ್ಸಿನಲ್ಲಿ ನನಗೆ ಕಾರು ಬಿಡಲು ಕಲಿಸಿದವರು ಅವರೇ, ಅದೂ ತಮ್ಮ ಜೀವದಂತಿದ್ದ ಹಳೆಯ ಜಪಾನಿ ಕಾರಿನಲ್ಲಿ. ಓಟಕ್ಕೆಂದೇ ಮಾಡಿದ ಕಾರು ಅದು. ಈಗ ಅದರ ಶಾಕ್ ಅಬ್ಸಾರ್ಬರುಗಳಿಗೆ ಮುಪ್ಪು ಬಂದಿತ್ತು; ಅಳಿದುಳಿದ ಜೀವವನ್ನು ಹೈವೇ ಕೆಲಸದ ಸರ್ವಿಸ್ ರೋಡಿನ ಹೊಂಡಗಳು ಮುಗಿಸಿದವು. ರಸ್ತೆಯ ಹಂಪು ದಾಟಿ ಎಷ್ಟೋ ದೂರ ಹೋದರೂ ಕಾರು ತೂಗಾಡುತ್ತಿತ್ತು.

ಅದೇ ಹೊತ್ತಿಗೆ ಮಂಗಳೂರಿನ ಕಣ್ಣಿನ ಡಾಕ್ಟರು ಹಾಜಾರ್ರಿಗೆ ಕಣ್ಣಿನ ನರ ಒಣಗುತ್ತಿದೆ ಎಂದರು. ಕಣ್ಣಿಗೆ ಮದ್ದು ಹಾಕಿದರೆ ನಿಧಾನವಾದೀತು, ನಿಲ್ಲದು. ಕಾರು ಬಿಡುವುದು ಇನ್ನು ಸ್ವಲ್ಪ ಕಾಲ ಮಾತ್ರ. ಹಾಜಾರ್ರಿಗೆ ಉಳಿದದ್ದು ಒಂದೇ ಆಸೆ. ಕಾರು ಮೊದಲಿನಂತಾಗಬೇಕು, ದೇಲಂಪಾಡಿಯ ಕಾಡಿನಂಚಿನ ತಿರುವುಗಳಲ್ಲಿ ಕೊನೆಗೊಮ್ಮೆ ತಾವೇ ಬಿಡಬೇಕು.

ಅಂಥವರು ಸಿಕ್ಕಿದ್ದನ್ನು ಹಾಕಿಸಿಕೊಂಡು ಹೊರಡಬೇಕೋ ಬೇಡವೋ? ಮೆಕ್ಯಾನಿಕ್ ಸಾದಾ ಎಣ್ಣೆಯ ಶಾಕ್ ತೋರಿಸಿದ, ತೊಟ್ಟಿಲೆಂದರು. ಕಾರನ್ನು ತಗ್ಗಿಸುವ, ಬಿಗಿಯನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಸೆಟ್ ಬೆಂಗಳೂರಿನಿಂದ ತರಿಸೋಣವೆಂದೆ. "ಹೊಟ್ಟೆ ನೆಲಕ್ಕೆ ಒರಸಿಕೊಂಡು ಹೋಗ್ಲಿಕ್ಕೆ ಅದೆಂತ ಉಡವಾ?" ಎಂದರು. ಹಳೆಯದನ್ನೇ ರಿಪೇರಿ ಮಾಡಿಸುವ ಮಾತೆತ್ತಿದರೆ ಬಟ್ಟೆ ಮಡಚಲು ಹೋದರು. ಅವರಿಗೆ ಬೇಕಾದದ್ದು ಕಾರಿನ ಜೊತೆ ಬಂದಂಥದ್ದೇ: ಗ್ಯಾಸ್ ತುಂಬಿದ್ದು, ಬಿಗಿಯಾದರೂ ಒರಟಲ್ಲದ್ದು. ಅದು ಇಲ್ಲಿ ಸಿಗುವುದು ಎಂದೋ ನಿಂತಿತ್ತು. ಅವರ ಅಳಿಯ ಕೆಲಸಕ್ಕಿದ್ದ ಶಾರ್ಜಾದ ಪೇಟೆಯಲ್ಲಿ ಇತ್ತು.

ಕೊರಿಯರಿನಲ್ಲಿ ತರಿಸಿ ಎಂದೆ. ಹಾಜಾರ್ರು ನನ್ನನ್ನು ಕರುಣೆಯಿಂದ ನೋಡಿದರು. "ನಮ್ಮವರು ಅಲ್ಲಿಂದ ಬರ್ತಾ ಇರುವಾಗ ಕೊರಿಯರಾ? ಅವರಿಗೆ ಬೇಜಾರಾಗ್ಲಿಕ್ಕಿಲ್ವಾ?" ಗಲ್ಫಿನಿಂದ ಬರುವವನ ಪೆಟ್ಟಿಗೆ ನಮ್ಮಲ್ಲಿ ಅವನೊಬ್ಬನದಲ್ಲ; ಒಬ್ಬರ ಕಂಬಳಿ, ಇನ್ನೊಬ್ಬರ ಅತ್ತರು, ಮತ್ತೊಬ್ಬರ ಮಿಕ್ಸಿ ಎಲ್ಲ ಅದರಲ್ಲೇ ಬರಬೇಕು. ಹೋಗಲಿ, ನಾಲ್ಕನ್ನೂ ಅಳಿಯನ ಕೈಯಲ್ಲೇ ತರಿಸಿ ಎಂದರೆ ಅದೂ ಆಗದು. "ಅವನ ಮಕ್ಕಳ ಚಾಕಲೇಟಿಗೆ ಜಾಗ ಎಲ್ಲುಂಟು ಮತ್ತೆ?"

ಹೀಗೆ ಮುಂದಿನ ಜೋಡಿ ಅಳಿಯನ ಪೆಟ್ಟಿಗೆಯಲ್ಲಿ, ಹಿಂದಿನ ಜೋಡಿ ಅಳಿಯನ ರೂಮಿನವನ ಪೆಟ್ಟಿಗೆಯಲ್ಲಿ. ಮುಂದಿನದು ಸರಿಯಾದದ್ದೇ ಬಂತು. ತಿಂಗಳುಗಳ ಮೇಲೆ ಬಂದ ಹಿಂದಿನದು ಅದೇ ಕಾರಿನ ಸಂಸಾರಸ್ಥರ ಮಾಡೆಲಿನದು, ಮೆತ್ತಗಿನದು. ಆ ಪುಣ್ಯಾತ್ಮ ಎರಡರ ನೀಲಿ ಬಣ್ಣವೂ ಒಂದೇ ಎಂದು ತಂದಿದ್ದ. ಅಳತೆ ಕೂತಿತು, ಗುಣ ಕೂರಲಿಲ್ಲ. ಬದಲಾಯಿಸಬೇಕಾದರೆ ಇನ್ನೊಬ್ಬ ಹೋಗಬೇಕು, ಮತ್ತೊಬ್ಬ ಹಬ್ಬಕ್ಕೆ ಬರಬೇಕು. ಅಷ್ಟರಲ್ಲಿ ಹಾಜಾರ್ರು ಅಂಗಡಿಯಲ್ಲಿ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಬಣ್ಣ ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಇದನ್ನೇ ಹಾಕಿಸಿಬಿಡಿ ಹಾಜಾರ್ರೇ! ನಿಮ್ಮ ಕಣ್ಣು ಹಬ್ಬಕ್ಕೆ ಕಾಯ್ತದಾ?" ಎಂದು ಗಿರಾಕಿಗಳೆದುರೇ ಕಿರುಚಿದೆ.

ಅವರಿಗೆ ಸಿಟ್ಟು ಬರಲಿಲ್ಲ, ಅದು ನನ್ನನ್ನು ಇನ್ನೂ ಉರಿಸಿತು. "ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ತಿರುವಿನಲ್ಲಿ ತಲೆ ಹೇಳಿದ್ದು ಬಾಲ ಕೇಳುದಿಲ್ಲ ಮಾಷ್ಟ್ರೇ. ಅಂಥ ಕಾರನ್ನು ಓಡಿಸಿ, ಕಣ್ಣು ಹೋದ ಮೇಲೆ ನಾನು ಎಂತ ನೆನಪು ಮಾಡಿಕೊಳ್ಳುದು?"

ಹಬ್ಬ ಬಂತು, ಸರಿಯಾದ ಜೋಡಿಯೂ ಬಂತು. ಹಾಕಿಸಿದ ಮರುದಿನ ಬೆಳಿಗ್ಗೆ ಹಾಜಾರ್ರು ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ. ಗೇಟಿನ ತನಕ ಬಂದು ಕಾರು ನಿಂತಿತು. ಅವರು ಎಡಕ್ಕೆ ಬಹಳ ಹೊತ್ತು ನೋಡಿದರು.

"ಎಡದ ಕಂಬ ಎಲ್ಲುಂಟು ಮಾಷ್ಟ್ರೇ?"

ಕಂಬ ಬಾನೆಟ್ಟಿನ ಎದುರಿಗೇ ಇತ್ತು. ನಾನು ಬಾಯಿ ಬಿಡುವ ಮೊದಲೇ ಅವರು ಎಂಜಿನ್ ನಿಲ್ಲಿಸದೆ ಇಳಿದು, ಕಾರನ್ನು ಮುಟ್ಟಿಕೊಂಡೇ ಸುತ್ತಿ ನನ್ನ ಕಡೆಯ ಬಾಗಿಲಿಗೆ ಬಂದರು. "ನೀವು ಬಿಡಿ," ಎಂದರು.

ದೇಲಂಪಾಡಿಯ ತಿರುವುಗಳಲ್ಲಿ ಕಾರು ಬಿಟ್ಟದ್ದು ನಾನು. ಬ್ರೇಕಿಗೆ ಕಾಲಿಟ್ಟಾಗಲೆಲ್ಲ "ಬೇಡ, ಬೇಡ, ಅದು ನೋಡಿಕೊಳ್ತದೆ" ಎನ್ನುತ್ತಿದ್ದರು. ಕಾಲು ತೆಗೆದೆ. ಕಾರು ಒಂದಿಷ್ಟೂ ಓಲಾಡದೆ ತಿರುವು ದಾಟಿತು. ಅವರು ಹೇಳಿದ್ದು ಪೂರ್ತಿ ಸರಿಯಾಗಿತ್ತು.

"ಕೈಗೆ ಹೇಗೆ ಉಂಟು, ಹೇಳಿ," ಎಂದರು.

"ಚೆನ್ನಾಗಿ ಉಂಟು."

"ಚೆನ್ನಾಗಿ ಅಂದ್ರೆ ಎಂತ? ಸ್ಟೇರಿಂಗಿನಲ್ಲಿ ಎಂತ ಗೊತ್ತಾಗ್ತದೆ, ಅದು ಹೇಳಿ."

ದಿನವಿಡೀ ಮಕ್ಕಳಿಗೆ ಕನ್ನಡ ಹೇಳಿಕೊಡುವ ನನಗೆ ಒಂದು ಮಾತೂ ಹೊಳೆಯಲಿಲ್ಲ. "ತುಂಬಾ ಚೆನ್ನಾಗಿ ಉಂಟು," ಎಂದೆ.

ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರು. ಆ ಹಠದ ಮೇಲೆ, ಆ ಪೆಟ್ಟಿಗೆಗಳ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅವರು ಅಷ್ಟು ಕಾಲ ಕಾದು ಕೂತ ಸುಖ ಬಂದದ್ದು ನನ್ನ ಕೈಗೆ. ಪಕ್ಕದಲ್ಲೇ ಕೂತು ಬಾಯಿಬಿಟ್ಟು ಕೇಳಿದವರಿಗೆ ಅದರಲ್ಲಿ ಒಂದು ತುತ್ತನ್ನೂ ಕೊಡಲು ನನ್ನಿಂದಾಗಲಿಲ್ಲ.