ಹನ್ನೊಂದು ದಿನದ ಬೂತಾಯಿ

ಮಕ್ಕಳೇ, ಅಟ್ಟದ ಮೇಲಿನ ತಾತನ ಕಬ್ಬಿಣದ ಪೆಟ್ಟಿಗೆ ಯಾಕೆ ಖಾಲಿಯಾಯಿತು ಎಂದು ಹೋದ ಸಲ ಬಂದಾಗ ಕೇಳಿದಿರಿ. ನಾನು ಮಾತು ತೇಲಿಸಿದೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಪೆಟ್ಟಿಗೆಯಲ್ಲಿದ್ದದ್ದು ಸಮುದ್ರದ ಮೀನಿನ ಪುಸ್ತಕಗಳು. ಕನಕಪುರದ ಸೀಮೆಯ ನಮಗೆ ಸಮುದ್ರ ಎಲ್ಲಿಂದ ಬಂತು ಎನ್ನುತ್ತೀರಿ. ತಾತನಿಗೆ ಮಂಗಳೂರಿನ ಆಚೆ ಒಂದು ಬಂದರಿನಲ್ಲಿ ಸರ್ಕಾರಿ ಕೆಲಸವಿತ್ತು. ಬೆಳಗ್ಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗುವುದು, ಬಂಗುಡೆ ಎಷ್ಟು ಬುಟ್ಟಿ, ಬೂತಾಯಿ ಎಷ್ಟು, ತೊರಕೆ ಎಷ್ಟು ಎಂದು ಕಣ್ಣಾರೆ ನೋಡಿ ಬರೆಯುವುದು, ಒಂದಷ್ಟು ಮೀನನ್ನು ಉದ್ದಕ್ಕೆ ಅಳೆಯುವುದು, ಪುಟದ ಕೆಳಗೆ ರುಜು ಹಾಕುವುದು. ದಿನಕ್ಕೊಂದು ಪುಟ. ಕಚೇರಿ ಬೇರೆ ಕಟ್ಟಡಕ್ಕೆ ಹೋಗುವಾಗ ಆ ಪುಸ್ತಕಗಳನ್ನು ಗುಜರಿಗೆ ಹಾಕಲಿದ್ದರಂತೆ. ಇವರು ಕೇಳಿಕೊಂಡು, ಗೋಣಿಚೀಲಕ್ಕೆ ತುಂಬಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದರು.

ಅವರು ತೀರಿಕೊಂಡು ಆರು ವರ್ಷವಾದ ಮೇಲೆ, ಮೊನ್ನೆ ಅವರೆಕಾಯಿ ಕಾಲದಲ್ಲಿ, ಕರಾವಳಿಯಿಂದ ಒಬ್ಬ ಹುಡುಗಿ ಆ ಪುಸ್ತಕಗಳನ್ನು ಹುಡುಕಿಕೊಂಡು ಬಂದಳು. ಹಿಂದೆ ಸಮುದ್ರದಲ್ಲಿ ಯಾವ ಮೀನು ಎಷ್ಟಿತ್ತು ಎಂದು ಹಳೆಯ ಪುಸ್ತಕಗಳಿಂದ ತೆಗೆದು ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ಮುಂದೆ ಓದುವವರಿಗೆ ಅದೇ ಆಧಾರವಂತೆ. ರೇಷ್ಮೆ ಸಾಕುವ ಹುಳದ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಮೇಜು ಹಾಕಿಸಿಕೊಂಡಳು. ಹುಳಗಳು ಆಗ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಸುಮ್ಮನಿರುತ್ತವಲ್ಲ, ಆ ಹೊತ್ತು. ಸೊಪ್ಪು ಹಾಕುವ ಕೆಲಸವಿಲ್ಲದೆ ನಾನೂ ಅವಳ ಪಕ್ಕ ಕೂತೆ. ಉಪ್ಪುಗಾಳಿಗೆ ಅಂಟಿಕೊಂಡ ಹಾಳೆಗಳನ್ನು ಅವಳು ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ನಾನು ಅಂಚು ಹಿಡಿಯುತ್ತಿದ್ದೆ. ಅವಳು ಫೋಟೋ ತೆಗೆಯುತ್ತಿದ್ದಳು.

ನಿಮ್ಮವ್ವ ಕಾಫಿ ತಂದವಳು ಬಾಗಿಲಲ್ಲೇ ನಿಂತು ನಕ್ಕಳು. “ನಮ್ಮತ್ತೆ ಮೀನಿನ ವಾಸ್ನೆ ಅಂದ್ರೆ ಮನೆ ಬುಟ್ಟು ಓಡೋಯ್ತಾರೆ. ಈಗ ನೋಡಿ, ಮೀನಿನ ಬುಕ್ಕಿಗೆ ಕಾವಲು ಕೂತವ್ರೆ.”

“ಈ ಮೀನಿಗೆ ವಾಸನೆ ಇಲ್ಲ ಅಕ್ಕಾ, ಮುಳ್ಳೂ ಇಲ್ಲ” ಎಂದಳು ಹುಡುಗಿ.

ನನಗೆ ನಗು ಬರಲಿಲ್ಲ. ಅವುಗಳಲ್ಲಿ ಒಂದು ಪುಸ್ತಕ ಯಾವಾಗ ಅವಳ ಕೈಗೆ ಬರುತ್ತದೋ ಎಂದು ಹೆದರಿ ಕಾಯುತ್ತಿದ್ದೆ.

ಆ ಪುಸ್ತಕ ಬರೆದ ವರ್ಷ, ನಾನು ಮದುವೆಯಾಗಿ ಆ ಬಂದರಿಗೆ ಹೋಗಿ ಆರು ತಿಂಗಳಾಗಿತ್ತು. ನಿಮ್ಮಪ್ಪ ಹೊಟ್ಟೆಯಲ್ಲಿದ್ದ. ತಾತನಿಗೆ ವಿಷಮಶೀತ ಜ್ವರ ಬಂತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಲಿನ ಸಾಹೇಬರು ಪುಸ್ತಕ ನೋಡಲು ಬರುವವರಿದ್ದರು. ಮೈ ಸುಡುವಾಗಲೂ ಇವರ ಬಾಯಲ್ಲಿ ಅದೇ. “ಬುಕ್ಕು ಖಾಲಿ ಐತೆ ಕಣೆ. ಬುಕ್ಕು ಖಾಲಿ ಐತೆ.”

ಧಕ್ಕೆ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆದರೆ ಅವರ ಭಾಷೆ ನನಗೆ ಬಾರದು. ಅಷ್ಟು ಗಂಡಸರ ನಡುವೆ ನಿಂತು ಬಾಯಿ ಬಿಡುವುದು ನನ್ನಿಂದಾಗದ ಕೆಲಸ. ಹೋಗಲಿಲ್ಲ. ಹಿಂದಿನ ವರ್ಷದ ಪುಸ್ತಕ ತೆಗೆದು, ಅದೇ ತಾರೀಖುಗಳ ಪುಟ ಹುಡುಕಿ, ಅಲ್ಲೊಂದು ಇಲ್ಲೊಂದು ಬುಟ್ಟಿ ಹೆಚ್ಚು ಕಡಿಮೆ ಮಾಡಿ, ಹನ್ನೊಂದು ದಿನವನ್ನು ಇಳಿಸಿಬಿಟ್ಟೆ. ಹೊಲದಲ್ಲಿ ಬೆಳೆದವಳು ನಾನು. ಅವರೆ ಬರುವ ತಿಂಗಳಲ್ಲಿ ಅವರೆಯೇ ಬರುತ್ತದೆ, ರಾಗಿ ಕೊಯ್ಯುವ ತಿಂಗಳಲ್ಲಿ ರಾಗಿ. ಸಮುದ್ರವೂ ಹಾಗೆಯೇ ಇರಬೇಕು ಎಂದುಕೊಂಡೆ, ಆ ವರ್ಷದ್ದೇ ಹಿಂದಿನ ಪುಟಗಳನ್ನು ತಿರುವಿ ನೋಡಲಿಲ್ಲ. ನಾನೂ ಅವರೂ ಕಬ್ಬಾಳಿನ ಹತ್ತಿರದ ಒಂದೇ ಶಾಲೆಯವರು, ಒಬ್ಬರೇ ಮೇಷ್ಟರು ಕೈ ಹಿಡಿದು ತಿದ್ದಿಸಿದ ದುಂಡು ಅಕ್ಷರ. ಯಾರಿಗೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ರುಜು ಹಾಕಲು ಮಾತ್ರ ಕೈ ಬರಲಿಲ್ಲ. ಅವರೇ ಹಾಕಿಕೊಳ್ಳಲಿ ಎಂದು ಬಿಟ್ಟೆ.

ಜ್ವರ ಇಳಿದ ಮೇಲೆ ಅವರು ಪುಸ್ತಕ ಬಿಚ್ಚಿದರು. ನಾನು ಒಲೆಯ ಮುಂದಿದ್ದೆ. ಹಾಳೆ ತಿರುವುವ ಸದ್ದು ಕೇಳಿತು, ನಿಂತಿತು. ಆಮೇಲೆ, “ಸಾರಿಗೆ ಒಸಿ ಹುಳಿ ಜಾಸ್ತಿ ಹಾಕು, ಬಾಯಿ ಕೆಟ್ಟೈತೆ” ಎಂದರು. ಅಷ್ಟೇ. ಸಾಹೇಬರು ಬಂದು, ಪುಟ ತುಂಬಿದೆಯೇ ಎಂದಷ್ಟೇ ನೋಡಿ ಹೋದರಂತೆ. ಕೆಲಸ ಉಳಿಯಿತು. ಅವರು ಕಣ್ಣು ಮುಚ್ಚುವವರೆಗೂ ನಮ್ಮ ನಡುವೆ ಆ ಮಾತು ಬರಲಿಲ್ಲ. ಒಂದು ದಿನವೂ ಸುಳ್ಳು ಬರೆಯದ ಮನುಷ್ಯ ನನ್ನ ಸುಳ್ಳಿಗೆ ರುಜು ಹಾಕಬೇಕಾಯಿತಲ್ಲ ಎಂದು ನಾನು ಒಳಗೇ ಬೆಂದೆ.

ಮೂರನೆಯ ದಿನ ಆ ಪುಸ್ತಕ ಅವಳ ಕೈಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಿಂದ ಎದ್ದೇ ಬಿಟ್ಟಳು.

“ಅಮ್ಮಾ, ಇದು ಎಂತ ಸಿಕ್ಕಿದ್ದು ಗೊತ್ತುಂಟಾ? ಆ ವರ್ಷ ಬೂತಾಯಿ ಎಲ್ಲಿಯೂ ಇರಲಿಲ್ಲ. ಬೇರೆ ಬಂದರಿನ ಪುಸ್ತಕದಲ್ಲೆಲ್ಲ ಸೊನ್ನೆ. ಇಲ್ಲಿಯೂ ಹಿಂದೆ ಸೊನ್ನೆ, ಮುಂದೆ ಸೊನ್ನೆ. ನಡುವೆ ಹನ್ನೊಂದು ದಿನ ಬುಟ್ಟಿಗಟ್ಟಲೆ ಬೂತಾಯಿ! ಒಂದು ಹಿಂಡು ಎಲ್ಲಿಯೋ ಉಳಿದಿತ್ತು ಅಂತ ಆಯಿತಲ್ಲ. ಇದನ್ನು ನೋಡಿದವರು ನಿಮ್ಮ ಯಜಮಾನರು ಒಬ್ಬರೇ.”

ಅವಳ ಮುಖ ಅರಳಿತ್ತು. ಎಲ್ಲರೂ ಓದುವ ಕಡೆ ಅವರ ಹೆಸರು ಹಾಕುತ್ತೇನೆ ಎಂದಳು. ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಗೆ ಹೋದೆ. ಹೇಳಿದರೆ ಅವರ ಹೆಸರು ಹೋಗುತ್ತದೆ, ಅವರಿಲ್ಲ, ಬಂದು ಸಮಜಾಯಿಷಿ ಕೊಡುವಂತಿಲ್ಲ. ಹೇಳದಿದ್ದರೆ ಇನ್ನು ಯಾರ್ಯಾರೋ ಇಲ್ಲದ ಮೀನನ್ನು ಹಿಡಿದುಕೊಂಡು ಸಮುದ್ರ ಹೀಗಿತ್ತು ಎಂದು ಬರೆಯುತ್ತಾರೆ. ಅವತ್ತು ಸಂಜೆಯವರೆಗೂ ತೋಟದಲ್ಲೇ ಸೊಪ್ಪು ಕೊಯ್ದೆ.

ಮರುದಿನ ಅವಳು ಬಂದಾಗ ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳೂ ಕೂತು ಒಂದು ಹಿಡಿ ತೆಗೆದುಕೊಂಡಳು. ಕೈಗೆ ಕೆಲಸವಿದ್ದದ್ದರಿಂದ ಮಾತು ಹೊರಟಿತು.

“ಆ ಬೂತಾಯಿ ಯಾವ ಸಮುದ್ರದಲ್ಲೂ ಇರ್ನಿಲ್ಲ ಕಣವ್ವ. ನಾನು ಬರದಿದ್ದು. ಹಿಂದ್ಲೊರ್ಷದ್ದು ನೋಡ್ಕಂಡು ಬರದ್ಬುಟ್ಟೆ.” ಜ್ವರ, ಸಾಹೇಬರು, ಧಕ್ಕೆಗೆ ಹೋಗದೆ ಕೂತದ್ದು, ಎಲ್ಲ ಹೇಳಿದೆ.

ಅವಳ ಕೈಯಲ್ಲಿನ ಕಾಯಿ ಹಾಗೇ ಉಳಿಯಿತು. “ಅವರಿಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು. ರುಜು ಹಾಕವ್ರಲ್ಲ.”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಒಳಗೆ ಹೋಗಿ ಪುಸ್ತಕ ತಂದು ನನ್ನ ಮಡಿಲ ಮೇಲೆ ಬಿಚ್ಚಿಟ್ಟಳು. “ಹಾಕಲಿಲ್ಲ ಅಮ್ಮಾ. ಗಡಿಬಿಡಿಯಲ್ಲಿ ಮರೆತದ್ದು ಅಂತ ನಾನು ಎಣಿಸಿದ್ದೆ.”

ಹನ್ನೊಂದು ಪುಟವನ್ನೂ ತಿರುವಿದೆ. ನನ್ನ ದುಂಡು ಅಕ್ಷರ, ಕೆಳಗೆ ಬರಿಯ ಗೆರೆ. ಹನ್ನೆರಡನೆಯ ದಿನ ಅವರ ರುಜು ಇತ್ತು. ಬೂತಾಯಿಯ ಮುಂದೆ ಸೊನ್ನೆ ಇತ್ತು. ನಾನು ಬರೆದದ್ದನ್ನು ಅವರು ಹರಿದು ಹಾಕಲಿಲ್ಲ, ನನ್ನನ್ನು ಒಂದು ಮಾತು ಅನ್ನಲಿಲ್ಲ, ಅದಕ್ಕೆ ತಮ್ಮ ಹೆಸರನ್ನೂ ಕೊಡಲಿಲ್ಲ. ಪುಸ್ತಕ ನನ್ನ ಮನೆಯ ಅಟ್ಟದಲ್ಲೇ ಇತ್ತು. ಒಮ್ಮೆಯೂ ಬಿಚ್ಚಿ ನೋಡುವ ಧೈರ್ಯ ನಾನು ಮಾಡಿರಲಿಲ್ಲ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಅವಳು ಪುಸ್ತಕವನ್ನು ಒಸಿ ಆಚೆ ಸರಿಸಿದಳು, ಹಾಳೆ ನೆನೆಯದಿರಲಿ ಎಂದು.

ಆಮೇಲೆ ಕಂಪ್ಯೂಟರಿನ ಮುಂದೆ ಕೂತೆವು. “ಇಲ್ಲಿ ಸೊನ್ನೆ ಹಾಕುವ ಹಾಗಿಲ್ಲ ಅಮ್ಮಾ. ಸೊನ್ನೆ ಅಂದರೆ ಹೋಗಿ ನೋಡಿದ್ದಾರೆ, ಮೀನು ಇರಲಿಲ್ಲ ಅಂತ. ಇದು ಯಾರೂ ನೋಡದ್ದು. ಖಾಲಿ ಬಿಡಬೇಕು, ಯಾಕೆ ಅಂತ ಪಕ್ಕದಲ್ಲಿ ಬರೆಯಬೇಕು” ಎಂದಳು. “ಬರೆಯುವವರಿಗೆ ಜ್ವರ ಇತ್ತು ಅಂತ ಹಾಕಲಾ? ಅಷ್ಟು ಸಾಕು.”

“ಸಾಕಾಗಾಕಿಲ್ಲ ಕಣವ್ವ” ಎಂದೆ. “ಹೆಂಡ್ತಿ ನೋಡ್ದೆ ಬರದ್ಲು, ಅವರು ರುಜು ಹಾಕ್ನಿಲ್ಲ ಅಂತ ಬರಿ.”

ಅವಳು ಹಾಗೆಯೇ ಬರೆದು, ಓದಿ ಹೇಳಿದಳು. ಇನ್ನೊಂದು ಸಲ ಓದಿಸಿ ಕೇಳಿದೆ. ಪುಸ್ತಕಗಳನ್ನೆಲ್ಲ ಅವಳ ಜೊತೆಗೇ ಕಳಿಸಿಬಿಟ್ಟೆ. ಅದಕ್ಕೇ ಪೆಟ್ಟಿಗೆ ಖಾಲಿ.